ಏಳು ಗಂಟೆಯ ಅಮ್ಮ

ಆ ಕಚೇರಿಯಲ್ಲಿ ಎಲ್ಲರೂ ಅವನನ್ನು ಅನುಮಾನಪ್ಪ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನಿಗೂ ಬೇಜಾರಿರಲಿಲ್ಲ, ಅನುಮಾನಪಡುವುದಕ್ಕೇ ಅವನಿಗೆ ಸಂಬಳ ಕೊಡುತ್ತಿದ್ದರು. ಆಗಷ್ಟೇ ಕಣ್ಣು ಬಿಡುತ್ತಿರುವ ಕಂಪನಿಗಳಿಗೆ, ಅದರಲ್ಲೂ ತಂತ್ರಜ್ಞಾನ ಮತ್ತು ಮಾಧ್ಯಮದ ಸ್ಟಾರ್ಟಪ್‌ಗಳಿಗೆ, ಬಂಡವಾಳ ಹೂಡುವ ಸಂಸ್ಥೆ ಅದು. ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದವರು ಗಾಜಿನ ಕೋಣೆಯಲ್ಲಿ ನಿಂತು ತಮ್ಮ ಕನಸನ್ನು ಬಿಡಿಸಿಟ್ಟು ಹೋಗುತ್ತಿದ್ದರು. ಅವರ ಮಾತಿಗೆ ತಲೆದೂಗುವುದು ಉಳಿದವರ ಕೆಲಸ. ಅವರು ಹೋದ ಮೇಲೆ ಕಡತ ಇವನ ಮೇಜಿಗೆ ಬರುತ್ತಿತ್ತು. ಹೇಳಿದ್ದರಲ್ಲಿ ನಿಜವೆಷ್ಟು, ಹುಳುಕು ಎಲ್ಲಿದೆ ಎಂದು ಎರಡು ವಾರ ಕೆದಕಿ ನೋಡಿ, ‘ಲೋಪಗಳು’ ಎಂಬ ತಲೆಬರಹದ ಕೆಳಗೆ ಬರೆದುಕೊಡುವುದು ಇವನ ಪಾಲಿಗೆ ಬಂದ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದ.

ಅಭ್ಯಾಸ ಮನೆಗೂ ಅಂಟಿಕೊಂಡಿತ್ತು. ತಟ್ಟೆಯ ಮುಂದೆ ಕೂತು ಹುಬ್ಬು ಗಂಟಿಕ್ಕಿದರೆ ಹೆಂಡತಿ ಹೇಳುತ್ತಿದ್ದಳು: “ಇಲ್ಲಿ ಯಾರೂ ನಿಮ್ಮ ಹತ್ರ ಬಂಡವಾಳ ಕೇಳೋಕೆ ಬಂದಿಲ್ಲ. ಅಡುಗೆ ಚೆನ್ನಾಗಿದೆ ಅಂದ್ರೆ ನಿಮ್ಮ ಗಂಟೇನೂ ಹೋಗಲ್ಲ.”

ಆ ಚಳಿಗಾಲದಲ್ಲಿ ಅವನ ಮೇಜಿಗೆ ಬಂದದ್ದು ಒಬ್ಬ ಅತ್ತೆ ಮತ್ತು ಸೊಸೆಯ ಕಡತ.

ಇಬ್ಬರೂ ಸೇರಿ ಕಂಪನಿ ಕಟ್ಟಿದ್ದಾರೆ ಎಂದು ಕೇಳಿದಾಗಲೇ ಕಚೇರಿಯಲ್ಲಿ ನಗೆಯೆದ್ದಿತ್ತು. ಸಂಸ್ಥೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದ ಅರವತ್ತರ ಹೆಂಗಸು, ತಾನೂ ನಕ್ಕು, “ಹುಳುಕು ಹುಡುಕೋಕೆ ನೀವು ಅಷ್ಟು ದೂರ ಹೋಗಬೇಕಾಗಿಲ್ಲ ಬಿಡಿ” ಎಂದಿದ್ದರು.

ಆದರೆ ಕೆಲಸ ನಗುವಂಥದ್ದಾಗಿರಲಿಲ್ಲ. ಕಣ್ಣು ಮಂಜಾದವರು, ಓದಲು ಬಾರದವರು, ಹಾಸಿಗೆ ಹಿಡಿದವರು ಇಂಥವರ ಫೋನಿಗೆ ಪ್ರತಿದಿನ ಬೆಳಗ್ಗೆ ಏಳು ಗಂಟೆಗೆ ಒಂದು ಕರೆ ಬರುತ್ತಿತ್ತು. ಎತ್ತಿದರೆ ಒಬ್ಬ ಹೆಂಗಸಿನ ದನಿ ಹತ್ತು ನಿಮಿಷ ಸುದ್ದಿ ಹೇಳುತ್ತಿತ್ತು. ಊರಿಗೆಲ್ಲ ಒಂದೇ ಸುದ್ದಿಯಲ್ಲ. ಕೇಳುವವರ ಬೀದಿಯ ಸುದ್ದಿ. ಇವತ್ತು ನಿಮ್ಮ ಕಡೆ ನೀರು ಬರುವುದಿಲ್ಲ, ಮೂಲೆಯ ಔಷಧಿ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ರಜೆ, ಸುಮ್ಮನೆ ಹೋಗಿ ಕಾಯಬೇಡಿ. ಯಾರಿಗೆ ಯಾವ ಸುದ್ದಿ ಎಂದು ಆರಿಸಿ ಹೊಂದಿಸುವ ತಂತ್ರಾಂಶ ಸೊಸೆಯದು. ದನಿ ಅತ್ತೆಯದು. ಕೊನೆಯಲ್ಲಿ ಒಂದು ಗುಂಡಿ ಒತ್ತಿದರೆ ಕೇಳುಗರೂ ತಮ್ಮ ಮಾತು ರೆಕಾರ್ಡ್ ಮಾಡಿ ಬಿಡಬಹುದಿತ್ತು. ಹನ್ನೊಂದು ಸಾವಿರ ಮಂದಿ ಕೇಳುತ್ತಿದ್ದರು. ಯಾರಿಗೂ ಕಂಪನಿಯ ಹೆಸರು ಗೊತ್ತಿರಲಿಲ್ಲ. ‘ಏಳು ಗಂಟೆ ಅಮ್ಮ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ಅತ್ತೆ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕದ ಹಿಂದೆ ಕೂತು ಬಸ್ಸುಗಳ ಹೊತ್ತು ಹೇಳಿದವರು. ಊರಿನ ಕಿವಿಗೆಲ್ಲ ಪರಿಚಯ, ಕಣ್ಣಿಗೆ ಯಾರಿಗೂ ಇಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತಾಗ, ಎದುರು ಮನೆಯ ಮುದುಕರಿಗೆ ಪತ್ರಿಕೆ ಓದಿ ಹೇಳುತ್ತಿದ್ದುದನ್ನು ಸೊಸೆ ನೋಡಿ, ಇದನ್ನೇ ಯಾಕೆ ದೊಡ್ಡದು ಮಾಡಬಾರದು ಎಂದು ಕೆಲಸ ಬಿಟ್ಟು ಕೂತಿದ್ದಳು. ಮಗನಿಗೆ ಹಡಗಿನಲ್ಲಿ ಕೆಲಸ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಮನೆ. ಉಳಿದಂತೆ ಆ ಮನೆಯಲ್ಲಿ ಇವರಿಬ್ಬರೇ.

ಅನುಮಾನಪ್ಪ ಮೊದಲ ದಿನ ಅವರ ಮನೆಗೆ ಹೋದಾಗ ಸೊಸೆ ಉಸಿರು ಬಿಡದೆ ಒಂದು ಗಂಟೆ ವಿವರಿಸಿದಳು. ಊಟದ ಮೇಜೇ ಅವಳ ಕಚೇರಿ. ರೆಕಾರ್ಡಿಂಗ್ ಆಗುತ್ತಿದ್ದುದು ಅತ್ತೆಯ ಮಲಗುವ ಕೋಣೆಯ ಗೋಡೆ ಬೀರುವಿನಲ್ಲಿ. ಹೊರಗಿನ ಸದ್ದು ಒಳಬರದಿರಲೆಂದು ಸುತ್ತಲೂ ಹಳೆಯ ರಜಾಯಿ ಇಳಿಬಿಟ್ಟು, ನಡುವೆ ಕೂರಲು ಒಂದು ಬೆತ್ತದ ಮೋಡಾ ಇಟ್ಟಿದ್ದರು. ಯಂತ್ರದ ದನಿ ಯಾಕೆ ಬಳಸಬಾರದು ಎಂದು ಅವನು ಕೇಳಿದ. ಹಿಂದೆ ಅತ್ತೆಗೆ ಜ್ವರ ಬಂದಾಗ ಮೂರು ದಿನ ಬಳಸಿದ್ದೆವು ಎಂದಳು ಸೊಸೆ. ಒಂದು ನಿಮಿಷಕ್ಕೇ ಅರ್ಧಕ್ಕರ್ಧ ಜನ ಫೋನಿಟ್ಟರಂತೆ. ಉಳಿದವರು ಗುಂಡಿ ಒತ್ತಿ, ಅಮ್ಮ ಎಲ್ಲಿ, ಹುಷಾರಿಲ್ಲವಾ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದರಂತೆ. ಇಷ್ಟು ಹೊತ್ತೂ ಅತ್ತೆ ಬಾಗಿಲ ಬಳಿ ಕೂತು ಮುಗುಳ್ನಗುತ್ತಿದ್ದರು. ಕಾಫಿ ಕೊಡುವಾಗ “ತಗೊಳ್ಳಿ” ಎಂದದ್ದು ಬಿಟ್ಟರೆ ಅವರು ಬಾಯಿ ಬಿಡಲಿಲ್ಲ. ಮಾತೇ ಬದುಕಾದವರು ಇಷ್ಟು ಮಿತಭಾಷಿಯೇ ಎಂದು ಅವನಿಗೆ ಸೋಜಿಗವಾಯಿತು.

ಲೆಕ್ಕಪತ್ರದಲ್ಲಿ ತಪ್ಪು ಸಿಗಲಿಲ್ಲ. ತಂತ್ರಾಂಶ ಗಟ್ಟಿಯಾಗಿತ್ತು. ಇನ್ನು ಉಳಿದದ್ದು ಕೇಳುವುದು. ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡು ವರ್ಷದ ಸುದ್ದಿಗಳನ್ನು, ಕೇಳುಗರು ಬಿಟ್ಟ ಮಾತುಗಳನ್ನು ಒಂದೊಂದಾಗಿ ಕೇಳುತ್ತ ಕೂತ. ಕೇಳುಗರ ಮಾತೇ ಎಂಟುನೂರಕ್ಕೂ ಹೆಚ್ಚಿತ್ತು. ಟೈಲರ್ ಹೆಂಗಸೊಬ್ಬಳು ಹೊಲಿಗೆ ಯಂತ್ರ ತುಳಿಯುತ್ತಲೇ ತನ್ನ ಬೀದಿಯ ಸಮಾಚಾರವನ್ನೆಲ್ಲ ವಾಪಸ್ಸು ಹೇಳುತ್ತಿದ್ದಳು. ನಿವೃತ್ತ ಅಂಚೆಯವರೊಬ್ಬರು ‘ಅಮ್ಮಾ, ನಿನ್ನೆ ನೀವು ಹೇಳಿದ ಮನೆ ನಂಬರು ತಪ್ಪು’ ಎಂದು ಮೃದುವಾಗಿ ತಿದ್ದುತ್ತಿದ್ದರು. ಲಿಫ್ಟ್ ನಡೆಸುವವನೊಬ್ಬ ತನ್ನ ಪಾಳಿಯ ಬೇಸರವನ್ನು ಎಷ್ಟು ಸೊಗಸಾಗಿ ಹೇಳುತ್ತಿದ್ದನೆಂದರೆ ಅನುಮಾನಪ್ಪ ಊಟದ ಹೊತ್ತು ಮೀರಿದ್ದನ್ನೂ ಮರೆತ.

ನಾಲ್ಕನೇ ದಿನ ಅವನ ಕಿವಿ ನಿಮಿರಿತು. ಹಿಂದಿನ ವಾರದ ಸುದ್ದಿ. ಹೊರಗೆ ಹಲ್ಲು ಕಟಕಟಿಸುವ ಚಳಿ. ಆದರೆ ‘ಇವತ್ತು ನಿಮ್ಮ ಬೀದಿಗೆ ನೀರು ಬರುವುದಿಲ್ಲ’ ಎಂಬ ಸಾಲಿನ ಹಿಂದೆ ಸಣ್ಣಗೆ ಫ್ಯಾನ್ ತಿರುಗುತ್ತಿತ್ತು. ಮುಂದಿನ ಸಾಲಿನಲ್ಲಿ ಫ್ಯಾನ್ ಇಲ್ಲ. ಅದರ ಮುಂದಿನದರಲ್ಲಿ ಮತ್ತೆ ಇದೆ. ಹಿಂದೆ ಹೋಗಿ ತಾಳೆ ನೋಡಿದ. ಬೇಸಿಗೆಯಲ್ಲಿ ಹೇಳಿದ ಅದೇ ಸಾಲು, ಉಸಿರಿನ ಸಮೇತ. ಹೊಸದಾಗಿ ಹೇಳಲೇಬೇಕಾದ ಒಂದೆರಡು ಸಾಲು ಬಿಟ್ಟರೆ, ನಾಲ್ಕು ತಿಂಗಳಿಂದ ಸುದ್ದಿಯ ಮುಕ್ಕಾಲು ಭಾಗ ಹಳೆಯ ದನಿಯ ತೇಪೆ. ಆ ಹೊಸ ಸಾಲುಗಳೋ ಗಿಡ್ಡ. ಕೊನೆಯಲ್ಲಿ ದನಿ ಒರಟಾಗಿ ಜಾರುತ್ತಿತ್ತು.

ಸೋಮವಾರ, ಸೊಸೆ ಯಾವುದೋ ಸಭೆಗೆ ಹೋಗಿದ್ದ ಹೊತ್ತಿನಲ್ಲಿ, ಅವನು ಅವರ ಮನೆಯ ಕರೆಗಂಟೆ ಒತ್ತಿದ. ಅತ್ತೆ ಬಾಗಿಲು ತೆರೆದು ಒಳಗೆ ಕೂರಿಸಿದರು. ಫ್ಯಾನಿನ ವಿಷಯ ಕೇಳುತ್ತಿದ್ದಂತೆಯೇ ಅವರ ಮುಖ ಇಳಿಯಿತು.

“ನಿಮ್ಮ ಕಿವಿ ಚುರುಕಪ್ಪ,” ಎಂದರು. ದನಿ ಮರಳ ಮೇಲೆ ಡಬ್ಬ ಎಳೆದಂತಿತ್ತು. “ಅವಳಿಗೂ ಗೊತ್ತಾಗಿಲ್ಲ.”

ಆಮೇಲೆ ಎಲ್ಲವನ್ನೂ, ನಡುನಡುವೆ ಬಿಸಿನೀರು ಕುಡಿಯುತ್ತ, ಸಣ್ಣ ಸಣ್ಣ ತುಂಡುಗಳಲ್ಲಿ ಹೇಳಿದರು. ಗಂಟಲು ಕಟ್ಟಿದೆ, ಶೀತಕ್ಕೆ ಇರಬೇಕು ಎಂದುಕೊಂಡಿದ್ದರಂತೆ. ವಾಸಿಯಾಗಲಿಲ್ಲ. ಸೊಸೆಗೆ ಸಂತೆಗೆ ಹೋಗುತ್ತೇನೆಂದು ಹೇಳಿ ಡಾಕ್ಟರ ಬಳಿ ಹೋದರು. ಗಂಟಲಿನ ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ಕೆಟ್ಟದ್ದಲ್ಲ, ಆದರೆ ತೆಗೆಯಬೇಕು. ಆಮೇಲೆ ಆರು ವಾರ ತುಟಿ ಬಿಚ್ಚುವಂತಿಲ್ಲ. ಮೊದಲಿನ ದನಿ ವಾಪಸ್ಸು ಬರುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ತಡಮಾಡಿದಷ್ಟೂ ಕಷ್ಟ ಎಂದಿದ್ದರು ಡಾಕ್ಟರು. ಅದನ್ನು ಹೇಳಿ ಮೂರು ತಿಂಗಳಾಗಿತ್ತು. ಸೊಸೆ ಏಳುವ ಮೊದಲೇ ಬೀರುವಿನಲ್ಲಿ ಕೂತು, ಹಿಂದೆ ಅವಳೇ ಕಲಿಸಿಕೊಟ್ಟಂತೆ ಹಳೆಯ ಸಾಲುಗಳನ್ನು ಕತ್ತರಿಸಿ ಜೋಡಿಸುತ್ತಿದ್ದರಂತೆ.

“ಯಾಕಮ್ಮ ಕಾದಿರಿ?” ಎಂದ.

“ಅವಳು ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದಾಳೆ. ಈಗ ನಿಮ್ಮಂಥೋರು ಬಾಗಿಲಿಗೆ ಬಂದಿದೀರಿ. ಈ ಹೊತ್ತಲ್ಲಿ ನಾನು ಗಂಟಲು ಹಿಡ್ಕೊಂಡು ಮಲಗಿದ್ರೆ? ಒಂದು ಹತ್ತು ದಿನ ಸುಮ್ಮನಿದ್ದುಬಿಡಿ. ಕಾಗದಕ್ಕೆ ಸಹಿ ಬೀಳಲಿ, ಮರುದಿನವೇ ಹೋಗಿ ಮಲಗ್ತೀನಿ.”

ಹದಿನಾಲ್ಕು ವರ್ಷದಲ್ಲಿ ಅವನಿಗೆ ಸುಳ್ಳು ಹೇಳಿದವರು ಬೇಕಾದಷ್ಟು ಮಂದಿ. ಸಿಕ್ಕಿಬಿದ್ದಾಗ ಕೆಲವರು ಸಿಟ್ಟಾಗುತ್ತಿದ್ದರು, ಕೆಲವರು ಜಾರಿಕೊಳ್ಳುತ್ತಿದ್ದರು. ಈ ಹೆಂಗಸು ಎರಡನ್ನೂ ಮಾಡದೆ, ಅವನ ಲೋಟ ಖಾಲಿಯಾದದ್ದನ್ನು ನೋಡಿ ಮತ್ತೆ ಕಾಫಿ ಬಗ್ಗಿಸಿದರು. ಸುಳ್ಳು ವರದಿ ನನ್ನ ಕೈಯಿಂದ ಬರೆಯಲಾಗದು ಎಂದು ಅವನು ನಿಧಾನವಾಗಿ ಹೇಳಿದ. ಶುಕ್ರವಾರ ವರದಿ ಕೊಡಬೇಕು. ಅಷ್ಟರೊಳಗೆ ನೀವೇ ಸೊಸೆಗೆ ಹೇಳಿಬಿಡಿ, ನನ್ನ ಕಾಗದದಿಂದ ಅವಳಿಗೆ ಗೊತ್ತಾಗುವುದು ಬೇಡ ಎಂದ. ಅತ್ತೆ ತಲೆಯಾಡಿಸಿದರು. ಹ್ಞೂಂ ಎಂದೋ ಉಹ್ಞೂಂ ಎಂದೋ ತಿಳಿಯಲಿಲ್ಲ.

ಗುರುವಾರ ಫೋನ್ ಮಾಡಿದ. ಎತ್ತಿದ್ದು ಸೊಸೆ. ಲವಲವಿಕೆಯಿಂದ ಅಂಕಿಅಂಶ ಒಪ್ಪಿಸಿದವಳು, ಕೊನೆಗೆ ಯಾಕೋ ದನಿ ತಗ್ಗಿಸಿ ಕೇಳಿದಳು: “ಸರ್, ಅತ್ತೆ ನಿಮ್ಮ ಹತ್ರ ಏನಾದ್ರೂ ಅಂದ್ರಾ? ಮೂರ್ನಾಲ್ಕು ತಿಂಗಳಿಂದ ನನ್ನ ಜೊತೆ ಸರಿಯಾಗಿ ಮಾತೇ ಆಡ್ತಿಲ್ಲ. ಮೊದಲು ಬಾಯಿಗೆ ಬಿಡುವೇ ಇರ್ತಿರಲಿಲ್ಲ ಅವರಿಗೆ. ಈ ಕಂಪನಿ ಗಲಾಟೇಲಿ ಅವರನ್ನ ಎಳೆದು ತಂದೆ ಅಂತ ಮುನಿಸೋ ಏನೋ.”

ಅವನು ನಾಲಿಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡ. ಸಂಜೆ ಮನೆಯಲ್ಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಒಬ್ಬರು ದನಿ ಉಳಿಸಿಕೊಳ್ಳಲು ಬಾಯಿ ಕಟ್ಟಿಕೊಂಡಿದ್ದಾರೆ, ಇನ್ನೊಬ್ಬಳು ಅದನ್ನೇ ಮುನಿಸೆಂದು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ನಡುವೆ ಇರುವುದು ಒಂದು ಊಟದ ಮೇಜು.

ಶುಕ್ರವಾರ ಬೆಳಗ್ಗೆ ಅವನು ದೊಡ್ಡ ಮೇಡಂ ಕೋಣೆಗೆ ಬರಿಗೈಯಲ್ಲಿ ಹೋದ. ವರದಿಗೆ ಸೋಮವಾರದವರೆಗೆ ಸಮಯ ಬೇಕು ಎಂದ. ಅವರು ಕನ್ನಡಕದ ಮೇಲಿಂದ ನೋಡಿದರು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು ನೀವು ಗಡುವು ಕೇಳುತ್ತಿರುವುದು, ಕಾರಣ ಏನು ಎಂದರು. ಕಾರಣ ಇದೆ, ಆದರೆ ಅದನ್ನು ಹೇಳಬೇಕಾದವರು ನಾನಲ್ಲ ಎಂದ ಅನುಮಾನಪ್ಪ. ಮೇಡಂ ಅವನ ಮುಖ ನೋಡಿ, “ಸೋಮವಾರ ಹತ್ತು ಗಂಟೆ. ಒಂದು ನಿಮಿಷ ಆಚೆ ಇಲ್ಲ” ಎಂದು ಬಿಟ್ಟರು.

ಅಲ್ಲಿಂದ ಸೀದಾ ಆ ಮನೆಗೆ ನಡೆದ. ಸೊಸೆ ಮೇಜಿನ ಮುಂದಿದ್ದಳು. ಅತ್ತೆ ಅವನನ್ನು ಕಂಡದ್ದೇ ತಡ ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಅವನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತ. ಸೊಸೆ ಏನಾದರೂ ತಪ್ಪಾಗಿದೆಯೇ ಎಂದು ಎರಡು ಸಲ ಕೇಳಿದಳು. ಅಮ್ಮ ಬರಲಿ ಎಂದಷ್ಟೇ ಹೇಳಿದ. ಕೊನೆಗೆ ಅತ್ತೆ ಬಂದು ಸೊಸೆಯ ಎದುರಿನ ಕುರ್ಚಿಯಲ್ಲಿ ಕೂತರು. ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗೋಡೆಯತ್ತ ನೋಡುತ್ತ, ಮೂವತ್ತೊಂದು ವರ್ಷ ಹೇಳಿದ ಅದೇ ರಾಗದಲ್ಲಿ ಹೇಳಿದರು:

“ಪ್ರಯಾಣಿಕರ ಗಮನಕ್ಕೆ. ಏಳು ಗಂಟೆಗೆ ಹೊರಡಬೇಕಾದ ಅತ್ತೆಯ ದನಿ... ತಾಂತ್ರಿಕ ಕಾರಣದಿಂದ... ರದ್ದಾಗಿದೆ.”

ಸೊಸೆ ನಗಲು ಹೊರಟವಳು ಅರ್ಧದಲ್ಲೇ ನಿಂತಳು. ಅತ್ತೆಯ ದನಿ ಸೀಳಿತ್ತು. ಅದು ಅಷ್ಟು ಹತ್ತಿರದಿಂದ, ಅಷ್ಟು ಉದ್ದ, ಅವಳ ಕಿವಿಗೆ ಬಿದ್ದು ತಿಂಗಳುಗಳಾಗಿದ್ದವು. ಅತ್ತೆ ಉಳಿದದ್ದನ್ನು ಸಾದಾ ಮಾತಿನಲ್ಲಿ ಹೇಳಿ ಮುಗಿಸಿದರು: ಗಂಟು, ಡಾಕ್ಟರು, ಫ್ಯಾನಿನ ಸದ್ದಿನ ಹಳೆಯ ಸಾಲುಗಳು, ಎಲ್ಲವನ್ನೂ. ಅನುಮಾನಪ್ಪ ಕಿಟಕಿಯಾಚೆ ನೋಡುತ್ತಿದ್ದ. ಈಗ ಕಂಪನಿಯ ಮಾತು ಬರುತ್ತದೆ, ಎರಡು ವರ್ಷದ ದುಡಿಮೆಯ ಮಾತು ಬರುತ್ತದೆ ಎಂದು ಕಾದ.

“ಡಾಕ್ಟರ ಹತ್ರ ಒಬ್ಬರೇ ಹೋಗಿದ್ರಾ?” ಎಂದಳು ಸೊಸೆ.

ಅತ್ತೆ ಮತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು.

“ಗಂಟಲೊಳಗೆ ನಳಿಗೆ ಬಿಟ್ಟು ನೋಡಿರ್ತಾರೆ. ಹೆದರಿಕೆ ಆಗಲಿಲ್ವಾ? ವಾಪಸ್ ಬರೋವಾಗ ಬಸ್ಸಲ್ಲಿ ಒಬ್ಬರೇ ಕೂತ್ಕೊಂಡು ಬಂದ್ರಾ?” ಅವಳ ಕಣ್ಣು ತುಂಬಿ ಬಂದಿತ್ತು. “ನನ್ನ ಕರ್ಕೊಂಡು ಹೋಗೋಕೇನಾಗಿತ್ತು ಅತ್ತೆ ನಿಮಗೆ? ನಾನು ಯಾತಕ್ಕಿದೀನಿ ಇಲ್ಲಿ?”

“ನಿನ್ನ ಕೆಲಸ ಕೆಡುತ್ತೆ ಅಂತ ಕಣೇ...”

“ಕೆಡಲಿ ಬಿಡಿ. ನಾನು ನಿಮಗೆ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ.”

ಅತ್ತೆ ಕೈ ಚಾಚಿ ಅವಳ ಕೆನ್ನೆ ಸವರಿದರು. ಅನುಮಾನಪ್ಪ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಮೆಟ್ಟಿಲಿಳಿದ.

ಅರ್ಧ ದಾರಿಯಲ್ಲಿ ಸೊಸೆಯ ಫೋನ್ ಬಂತು. ಅರ್ಜಿ ವಾಪಸ್ಸು ತೆಗೆದುಕೊಳ್ಳುತ್ತೇನೆ, ಮುಂದಿನ ವಾರವೇ ಆಪರೇಷನ್‌ಗೆ ದಿನ ಗೊತ್ತು ಮಾಡಿಸುತ್ತೇನೆ ಎಂದಳು. ವಾಪಸ್ಸು ತೆಗೆದುಕೊಳ್ಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನಿರ್ಧಾರ ಅವರು ಮಾಡಲಿ ಎಂದ ಅವನು.

ಹಾಗೆಯೇ ಬರೆದ. ಲೋಪ ಒಂದೇ: ಇಡೀ ಕಂಪನಿ ಒಬ್ಬರ ಗಂಟಲ ಮೇಲೆ ನಿಂತಿದೆ, ಆ ಗಂಟಲು ಸೋತಿದೆ. ಮೇಡಂ ಓದಿ, ಸಭೆಯಲ್ಲಿ ಎಲ್ಲರ ಮುಖ ನೋಡಿ, ಈಗ ಆಗುವುದಿಲ್ಲ ಎಂದರು. ಕಲ್ಲು ಮನಸ್ಸಿನಿಂದಲ್ಲ. ಆ ದನಿಯಿಲ್ಲದೆಯೂ ಜನ ಉಳಿಯುತ್ತಾರೆಂದು ತೋರಿಸಿದರೆ ಆರು ತಿಂಗಳ ನಂತರ ಬರಲಿ ಎಂದು ಪತ್ರದಲ್ಲಿ ಬರೆಸಿದರು. ಪತ್ರ ತಲುಪಿದ ದಿನ ಸೊಸೆ ಆಸ್ಪತ್ರೆಯ ಕಾರಿಡಾರಿನಲ್ಲಿದ್ದಳು. ತೆರೆದು ನೋಡಿ, ಮಡಚಿ, ಚೀಲಕ್ಕೆ ಹಾಕಿಕೊಂಡಳಂತೆ.

ಅಲ್ಲಿಗೆ ಅನುಮಾನಪ್ಪನ ಕೆಲಸ ಮುಗಿದಿತ್ತು. ಕಡತ ಕಪಾಟು ಸೇರಬೇಕಿತ್ತು. ಆದರೆ ಅವನು ಭಾನುವಾರ ಮನೆಯಲ್ಲಿ ಕೂತು, ಎಂಟುನೂರು ಮಾತುಗಳನ್ನು ಮತ್ತೊಮ್ಮೆ ಕೇಳಿದ. ಈ ಸಲ ಹುಡುಕಿದ್ದು ಹುಳುಕನ್ನಲ್ಲ. ಸಂಜೆಯ ಹೊತ್ತಿಗೆ ಒಂದು ಹಾಳೆಯ ಮೇಲೆ ಹದಿನಾರು ಸಾಲು ಬರೆದಿದ್ದ: ಟೈಲರ್ ಹೆಂಗಸು, ಮಾತಿನಲ್ಲಿ ನಗು ಇದೆ, ಆದರೆ ಯಂತ್ರ ನಿಲ್ಲಿಸಿ ಮಾತಾಡಬೇಕು. ಅಂಚೆಯವರು, ಬೀದಿಗಳ ಹೆಸರು ಬಾಯಿಪಾಠ, ಆತುರವಿಲ್ಲ. ಲಿಫ್ಟ್ ನಡೆಸುವವನು, ಕಥೆ ಕಟ್ಟುವುದು ಗೊತ್ತು. ಹೀಗೆ. ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿ, ಜನರ ಬಗ್ಗೆ ಇಷ್ಟು ಒಳ್ಳೆಯ ಮಾತು ನಿಮಗೆ ಬರುತ್ತದೆಂದು ಗೊತ್ತೇ ಇರಲಿಲ್ಲ ಎಂದಳು. ಅವನು ನಾಚಿಕೊಂಡು ಹಾಳೆ ಮಡಚಿದ.

ಆಸ್ಪತ್ರೆಯಲ್ಲಿ ಅತ್ತೆ ದಿಂಬಿಗೊರಗಿ ಕೂತಿದ್ದರು. ಮಾತಿಲ್ಲ; ಕೈಯಲ್ಲಿ ಮಕ್ಕಳ ಸ್ಲೇಟು. ಅನುಮಾನಪ್ಪ ಕೊಟ್ಟ ಹಾಳೆಯನ್ನು ಎರಡು ಸಲ ಓದಿ, ಬಳಪ ತೆಗೆದುಕೊಂಡು ಬರೆದರು: ‘ಅಂಚೆಯವರು ಉಸಿರು ತಪ್ಪಾದ ಜಾಗದಲ್ಲಿ ತಗೋತಾರೆ. ಕಲಿಸಬಹುದು.’ ಸೊಸೆ ಅದನ್ನು ಓದಿ ಜೋರಾಗಿ ನಕ್ಕಳು.

ಆರು ವಾರದ ಮೌನದಲ್ಲಿ ಆ ಮನೆ ಮೊದಲಿಗಿಂತ ಗದ್ದಲವಾಯಿತು. ಹದಿನಾರರಲ್ಲಿ ಒಂಬತ್ತು ಮಂದಿ ಸುದ್ದಿ ಹೇಳಲು ಒಪ್ಪಿಕೊಂಡಿದ್ದರು. ಒಬ್ಬೊಬ್ಬರಾಗಿ ಬಂದು ಬೀರುವಿನ ರಜಾಯಿಗಳ ನಡುವೆ ಕೂರುತ್ತಿದ್ದರು. ಅತ್ತೆ ಎದುರಿಗೆ ನಿಂತು ಕೈಯಾಡಿಸುತ್ತಿದ್ದರು: ಅಂಗೈ ಕೆಳಗಾದರೆ ನಿಧಾನ, ಬೆರಳು ಮೇಲಾದರೆ ದನಿ ಎತ್ತು, ಎದೆ ಮುಟ್ಟಿಕೊಂಡರೆ ಓದಬೇಡ, ಹೇಳು. ಮೊದಲ ವಾರ ಸಾವಿರದಷ್ಟು ಕೇಳುಗರು ಉದುರಿದರು. ಸೊಸೆ ಪ್ರತಿ ಬೆಳಗ್ಗೆ ಇದ್ದದ್ದನ್ನೇ ಹೇಳಿಸಿದಳು: ಅಮ್ಮನಿಗೆ ಗಂಟಲಿನ ಆಪರೇಷನ್ ಆಗಿದೆ, ಹುಷಾರಾಗುತ್ತಿದ್ದಾರೆ, ಅಲ್ಲಿಯವರೆಗೆ ನಿಮ್ಮ ಬೀದಿಯ ಸುದ್ದಿ ನಿಮ್ಮ ಬೀದಿಯವರೇ ಹೇಳುತ್ತಾರೆ. ನಿಧಾನಕ್ಕೆ ಉದುರಿದವರು ಮರಳಿದರು, ಹೊಸಬರನ್ನೂ ಕರೆತಂದರು. ತಮ್ಮ ಟೈಲರ್ ಫೋನಿನಲ್ಲಿ ಮಾತಾಡುತ್ತಾಳೆಂದರೆ ಯಾರಿಗೆ ಕುತೂಹಲವಿರುವುದಿಲ್ಲ?

ಅತ್ತೆಯ ದನಿ ಬಂತು; ಹಳೆಯದಲ್ಲ. ತಗ್ಗು, ಸ್ವಲ್ಪ ಗೊರಗೊರ. ಭಾನುವಾರ ಮಾತ್ರ, ನಾಲ್ಕು ನಿಮಿಷ ಹೇಳತೊಡಗಿದರು.

ಏಳನೇ ತಿಂಗಳಲ್ಲಿ ಅವರಿಬ್ಬರೂ ಮತ್ತೆ ಗಾಜಿನ ಕೋಣೆಗೆ ಬಂದರು. ಕಡತ ಮತ್ತೆ ಅನುಮಾನಪ್ಪನ ಮೇಜಿಗೆ ಬಂತು. ಆದರೆ ಅವನು ಮೊದಲೇ ಎದ್ದು ಹೋಗಿ, ಆ ಹದಿನಾರು ಹೆಸರಿನ ಹಾಳೆಯ ಸಂಗತಿಯನ್ನು ಮೇಡಂಗೆ ಒಪ್ಪಿಸಿದ. ಇದನ್ನು ನಾನು ತೂಗುವುದು ಸರಿಯಲ್ಲ, ಬೇರೆಯವರು ನೋಡಲಿ ಎಂದ. ಮೇಡಂ ಕಡತವನ್ನು ತಮ್ಮ ಕಡೆ ಎಳೆದುಕೊಂಡರು. ಎರಡು ವಾರ ತಾವೇ ಕೂತು ಕೆದಕಿದರು. ಕೇಳಿದ್ದಕ್ಕಿಂತ ಸಣ್ಣ ಮೊತ್ತಕ್ಕೆ ಒಪ್ಪಿದರು, ಆದರೆ ಒಪ್ಪಿದರು.

ಸಹಿಯ ದಿನ ಮೇಜಿನ ಮೇಲೆ ನಲವತ್ತು ಪುಟದ ಕರಾರು ಇತ್ತು. ಬಂದವರೆಲ್ಲ ಸಾಮಾನ್ಯವಾಗಿ ಗುರುತು ಹಾಕಿದ ಕಡೆ ಸಹಿ ಗೀಚಿ ಕೈಕುಲುಕುತ್ತಿದ್ದರು. ಅತ್ತೆ ಪೆನ್ನು ಪಕ್ಕಕ್ಕಿಟ್ಟು, ಓದದೆ ಯಾವುದಕ್ಕೂ ನಾನು ದನಿ ಕೊಟ್ಟವಳಲ್ಲ ಎಂದು ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಶುರುಮಾಡಿದರು. ವಕೀಲರ ಒಣ ಭಾಷೆ ಆ ತಗ್ಗು ದನಿಯಲ್ಲಿ ಯಾರೋ ಮನೆಯವರ ಯೋಗಕ್ಷೇಮದಂತೆ ಕೇಳಿಸಿತು. ಬೇರೆ ಸಭೆಯಿದೆಯೆಂದು ಗಡಿಯಾರ ನೋಡಿದ್ದ ಮೇಡಂ ಕುರ್ಚಿ ಎಳೆದು ಕೂತರು. ಅನುಮಾನಪ್ಪ ಬಾಗಿಲಿಗೊರಗಿ ನಿಂತ.

ಒಂಬತ್ತನೇ ಪುಟ ಮುಗಿದಾಗ ಸೊಸೆ ಕಾಗದದ ಮೇಲೆ ಅಂಗೈ ಇಟ್ಟಳು.

“ಸಾಕು. ಡಾಕ್ಟರು ದಿನಕ್ಕೆ ಅರ್ಧ ಗಂಟೆ ಅಂದಿದಾರೆ. ಇಲ್ಲಿ ಕೊಡಿ.”

“ಇನ್ನೂ ಮೂವತ್ತೊಂದು ಪುಟ ಇದೆ ಕಣೇ.”

“ನಾನು ಓದ್ತೀನಿ.”

ಅವಳು ಎಂದೂ ಯಾರ ಮುಂದೆಯೂ ಗಟ್ಟಿಯಾಗಿ ಓದಿದವಳಲ್ಲ. ಬಸ್ಸು ಹಿಡಿಯಲು ಓಡುವವಳಂತೆ ಓದಿದಳು. ಅಲ್ಪವಿರಾಮಗಳನ್ನೆಲ್ಲ ತುಳಿದುಕೊಂಡು ಹೋದಳು. ಅತ್ತೆ ಪಕ್ಕದಲ್ಲಿ ಕೂತು ಅಂಗೈ ಕೆಳಗೆ ಮಾಡಿದರು. ಅವಳು ನಿಧಾನಿಸಿದಳು. ಬೆರಳು ಮೇಲೆತ್ತಿದರು. ಅವಳು ದನಿ ಎತ್ತಿದಳು. ಮಧ್ಯಾಹ್ನದ ಬಿಸಿಲು ಗಾಜಿನ ಕೋಣೆಯ ಮೇಜಿನುದ್ದಕ್ಕೂ ಸರಿಯುತ್ತಿದ್ದರೂ ಯಾರೂ ಎದ್ದು ಹೋಗಲಿಲ್ಲ.